ಎಲ್ಲರಿಗೂ ಫುಲ್ ಕಂಟ್ರೋಲ್

ರೈಟ್ ಕ್ಲಿಕ್. ಪ್ರಾಪರ್ಟೀಸ್. ಸೆಕ್ಯೂರಿಟಿ. ಎಡಿಟ್. ಆ್ಯಡ್. ‘ಎವ್ರಿವನ್’ ಅಂತ ಟೈಪ್ ಮಾಡಿ. ಫುಲ್ ಕಂಟ್ರೋಲ್ ಮುಂದೆ ಟಿಕ್ ಹಾಕಿ. ಓಕೆ. ‘ಈಗ ಓಪನ್ ಮಾಡಿ ನೋಡ್ರಿ ಸರ್, ಆಗ್ತದೆ.’

ಆಗ್ತದೆ, ನಿಜ. ಅದೇ ಸಮಸ್ಯೆ.

ಸಿನಿಮಾಕ್ಕೆ ವಿಮರ್ಶೆ ಬರೀತಾರೆ, ಕಾದಂಬರಿಗೆ ಬರೀತಾರೆ, ದರ್ಶಿನಿಯ ದೋಸೆಗೂ ಈಗ ನಕ್ಷತ್ರ ಕೊಡ್ತಾರೆ. ನಮ್ಮ ಸಣ್ಣ ಊರುಗಳ ಅಂಗಡಿ, ಆಫೀಸುಗಳಲ್ಲಿ ದಿನಾ ಬಾಯಿಪಾಠದ ಹಾಗೆ ಒಪ್ಪಿಸೋ ಈ ಎಂಟು ಸಾಲಿಗೆ ಯಾರೂ ವಿಮರ್ಶೆ ಬರೆದದ್ದು ನಾನು ಕಂಡಿಲ್ಲ. ಬರೆಯಬೇಕಾದ ಕೆಲಸ ಅಂತ ನನಗನ್ನಿಸುತ್ತೆ. ಯಾಕಂದ್ರೆ ಈ ಎಂಟು ಸಾಲಿನ ಮೇಲೆ ಎಷ್ಟೋ ಜನರ ಲೆಕ್ಕ, ಕೆಲವರ ನೌಕರಿ ನಿಂತಿದೆ.

ಕಮಲಾಪುರವನ್ನೇ ತಗೊಳ್ಳಿ. ಹಂಪಿಗೆ ಬರುವ ಪ್ರವಾಸಿಗೆ ಅದು ದಾರಿಯಲ್ಲಿ ಸಿಗೋ ಊರು: ಪುರಾತತ್ವ ಇಲಾಖೆಯ ಮ್ಯೂಸಿಯಂ, ಮಯೂರ ಭುವನೇಶ್ವರಿ ಹೋಟೆಲ್, ದೊಡ್ಡ ಕೆರೆ, ಅಷ್ಟೇ. ಅಲ್ಲಿ ಬದುಕುವವರಿಗೆ ಅದು ಲಾಡ್ಜು, ಹೋಂಸ್ಟೇ, ಟ್ರಾವೆಲ್ಸು, ಗೊಬ್ಬರದಂಗಡಿ. ಪಕ್ಕದ ಹೊಸಪೇಟೆಯಲ್ಲಿ ಆಡಿಟರ್ ಆಫೀಸು, ಕಂಪ್ಲಿಯಲ್ಲಿ ರೈಸ್ ಮಿಲ್ಲು, ಸಂಡೂರಿನಲ್ಲಿ ಲಾರಿ ಆಫೀಸು. ಒಳಗೆ ಹೋದ್ರೆ ಕಾಣೋ ಚಿತ್ರ ಬಹುತೇಕ ಒಂದೇ. ಕೌಂಟರಿನಲ್ಲಿ ಒಂದು ಕಂಪ್ಯೂಟರ್, ಒಳಗಿನ ರೂಮಿನಲ್ಲಿ ಇನ್ನೊಂದು, ನಡುವೆ ಗೋಡೆ ಹಿಡಿದು ಹೋದ ನೀಲಿ ಕೇಬಲ್ಲು. ಎರಡರಲ್ಲೂ ಲೆಕ್ಕದ ಸಾಫ್ಟ್‌ವೇರ್. ಎರಡರ ಲಾಗಿನ್ ಹೆಸರೂ ‘ಅಡ್ಮಿನ್’. ಪಾಸ್‌ವರ್ಡ್ ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ, ಗಣೇಶನ ಸ್ಟಿಕರಿನ ಪಕ್ಕ.

ಈ ಸೀಮೆಯ ಜನಕ್ಕೆ ಪರ್ಮಿಷನ್ ಅಂದ್ರೇನು ಅಂತ ನಾವು ಬೆಂಗಳೂರಿಂದ ಹೋಗಿ ಪಾಠ ಮಾಡಬೇಕಾಗಿಲ್ಲ. ‘ಪರ್ಮಿಟ್ಟು’ ಅನ್ನೋ ಪದದ ತೂಕ ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. 2011ರ ಜುಲೈನಲ್ಲಿ ಬಂದ ಲೋಕಾಯುಕ್ತ ವರದಿಯ ಪುಟಗಳಲ್ಲಿ ಪರ್ಮಿಟ್ಟಿಲ್ಲದೆ ಓಡಿದ ಅದಿರಿನ ಕಥೆಯೇ ತುಂಬಿತ್ತು. ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಯಾವ ಗಣಿಯ ಅದಿರು, ಯಾವ ಲಾರಿ, ಎಷ್ಟು ಟನ್ನು, ಎಲ್ಲಿಗೆ ಅನ್ನೋದು ಬರೆಯದ ಕಾಗದ ಪರ್ಮಿಟ್ಟೇ ಅಲ್ಲ ಅಂತ ಇವತ್ತು ಸಂಡೂರಿನ ಕ್ಲೀನರ್ ಹುಡುಗನೂ ಹೇಳ್ತಾನೆ. ‘ಯಾರು ಬೇಕಾದ್ರೂ, ಏನು ಬೇಕಾದ್ರೂ, ಎಷ್ಟು ಬೇಕಾದ್ರೂ’ ಅಂತ ಬರೆದ ಪರ್ಮಿಟ್ ತೋರಿಸಿದ್ರೆ ಚೆಕ್‌ಪೋಸ್ಟಿನಲ್ಲಿ ನಗ್ತಾರೆ. ಆದ್ರೆ ಅದೇ ಲಾರಿ ಆಫೀಸಿನ ಕಂಪ್ಯೂಟರಿನಲ್ಲಿ, ಅದೇ ಲಾರಿಗಳ ಲೆಕ್ಕ ಇರೋ ಫೋಲ್ಡರಿನ ಮೇಲೆ ಬರೆದಿರೋದು ಅಕ್ಷರಶಃ ಅದೇ: ಎವ್ರಿವನ್, ಫುಲ್ ಕಂಟ್ರೋಲ್.

ಈಗ ಆ ಎರಡು ಪದಗಳನ್ನ ಬಿಡಿಸಿ ನೋಡೋಣ.

ವಿಂಡೋಸಿನಲ್ಲಿ ಪ್ರತಿ ಫೋಲ್ಡರಿಗೂ ಒಂದು ಪಟ್ಟಿ ಇರುತ್ತೆ: ಯಾರಿಗೆ, ಏನು ಮಾಡಲು ಅನುಮತಿ. ಮುಖ್ಯವಾದ ಹಂತಗಳು ಮೂರು. ಓದುವುದು ಮತ್ತು ಓಡಿಸುವುದು ಒಂದು ಹಂತ. ಬರೆಯುವುದು, ತಿದ್ದುವುದು, ಅಳಿಸುವುದು ಸೇರಿದ್ದು ಎರಡನೆಯದು, ಅದರ ಹೆಸರು ‘ಮಾಡಿಫೈ’. ಮೂರನೆಯದು ಫುಲ್ ಕಂಟ್ರೋಲ್. ಮಾಡಿಫೈಗೂ ಫುಲ್ ಕಂಟ್ರೋಲಿಗೂ ಏನು ವ್ಯತ್ಯಾಸ ಅಂತ ಸಪೋರ್ಟ್ ಹುಡುಗರನ್ನ ಕೇಳಿ ನೋಡಿ, ‘ಫುಲ್ ಅಂದ್ರೆ ಫುಲ್ ಸರ್’ ಅಂತಾರೆ. ವ್ಯತ್ಯಾಸ ಇಷ್ಟು: ಫುಲ್ ಕಂಟ್ರೋಲ್ ಇದ್ದವರು ಆ ಪಟ್ಟಿಯನ್ನೇ ತಿದ್ದಬಹುದು, ಫೋಲ್ಡರಿನ ಒಡೆತನವನ್ನೇ ತಮ್ಮ ಹೆಸರಿಗೆ ಮಾಡ್ಕೊಬಹುದು. ಮಾಡಿಫೈ ಅಂದ್ರೆ ಮನೆಯಲ್ಲಿ ಓಡಾಡೋಕೆ, ಸಾಮಾನು ಬಳಸೋಕೆ ಬಿಟ್ಟ ಹಾಗೆ. ಫುಲ್ ಕಂಟ್ರೋಲ್ ಅಂದ್ರೆ ಮನೆಪತ್ರ ಕೈಗೆ ಕೊಟ್ಟ ಹಾಗೆ. ಲೆಕ್ಕ ಬರೆಯೋ ಯಾವ ಸಾಫ್ಟ್‌ವೇರಿಗೂ, ಯಾವ ಗುಮಾಸ್ತನಿಗೂ ದಿನದ ಕೆಲಸಕ್ಕೆ ಮನೆಪತ್ರ ಬೇಕಾಗೋದಿಲ್ಲ.

ಹಂಪಿಯವರಿಗೆ ಇದನ್ನ ಹೇಳೋದು ಇನ್ನೂ ಸುಲಭ. ವಿಠ್ಠಲ ದೇವಸ್ಥಾನದ ಸಂಗೀತ ಕಂಬಗಳನ್ನ ಒಂದು ಕಾಲದಲ್ಲಿ ಬಂದವರೆಲ್ಲ ಬಡಿದು ನೋಡೋರು. ಬಡಿದವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ಎಲ್ಲರೂ ಒಂದೊಂದೇ ಸಲ ಬಡಿದವರು. ಆದ್ರೂ ಕಂಬ ಸವೆಯಿತು. ಈಗ ನೋಡಬಹುದು, ಮುಟ್ಟುವ ಹಾಗಿಲ್ಲ. ಇದು ‘ರೀಡ್’ ಪರ್ಮಿಷನ್. ಯಾರ ಮೇಲೂ ಅನುಮಾನ ಪಟ್ಟು ಮಾಡಿದ್ದಲ್ಲ, ಕಂಬ ಉಳಿಯಲಿ ಅಂತ ಮಾಡಿದ್ದು.

ಹಾಗಾದ್ರೆ ಈ ಕೆಟ್ಟ ಅಭ್ಯಾಸ ಎಲ್ಲಿಂದ ಬಂತು? ಸಪೋರ್ಟ್ ಹುಡುಗನ ಸೋಮಾರಿತನ ಅಂತ ಹೇಳಿ ಕೈತೊಳ್ಕೊಳ್ಳೋದು ಸುಲಭ, ಆದ್ರೆ ಅದು ಅನ್ಯಾಯ. ಅವನಿಗಿಂತ ಹಳೇ ಕಥೆ ಇದು.

ನಮ್ಮ ಅಂಗಡಿಗಳಿಗೆ ಕಂಪ್ಯೂಟರ್ ಬಂದದ್ದು ವಿಂಡೋಸ್ 95, 98ರ ಕಾಲದಲ್ಲಿ. ಆ ವ್ಯವಸ್ಥೆಯಲ್ಲಿ ಫೋಲ್ಡರ್ ಅನುಮತಿ ಅನ್ನೋದೇ ಇರಲಿಲ್ಲ. ಯಾರು ಕೂತ್ರೋ ಅವರೇ ಒಡೆಯ. ಅನುಮತಿಯ ಪಟ್ಟಿ ಇಟ್ಟುಕೊಂಡ ವಿಂಡೋಸ್ ಎನ್‌ಟಿ 1993ರಲ್ಲೇ ಬಂದಿತ್ತು, ಆದ್ರೆ ಅದು ದೊಡ್ಡ ಕಂಪನಿಗಳ ಸರ್ವರ್ ರೂಮಿನಲ್ಲಿತ್ತು. 2001ರಲ್ಲಿ ಎಕ್ಸ್‌ಪಿ ಬಂದಾಗ ಎರಡೂ ವಂಶ ಒಂದಾದವು. ಅನುಮತಿ ಪಟ್ಟಿ ಮನೆಮನೆಗೆ ಬಂತು. ಆದ್ರೆ ಎಕ್ಸ್‌ಪಿ ಹಾಕಿದಾಗ ಮಾಡಿಕೊಡ್ತಿದ್ದ ಮೊದಲ ಬಳಕೆದಾರನೇ ಅಡ್ಮಿನಿಸ್ಟ್ರೇಟರ್. ಹಾಗಾಗಿ ಬೀಗ ಇತ್ತು, ಬೀಗದ ಕೈ ಬಾಗಿಲಿಗೇ ನೇತಾಡ್ತಿತ್ತು. ಈ ಕಾಲದಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದವರೆಲ್ಲ ಒಂದು ಸಲೀಸು ಕಲಿತರು: ಪ್ರೋಗ್ರಾಂ ಎಲ್ಲಿದೆಯೋ ಡೇಟಾವನ್ನೂ ಅಲ್ಲೇ, ‘ಪ್ರೋಗ್ರಾಂ ಫೈಲ್ಸ್’ ಒಳಗೇ ಇಟ್ಟುಬಿಡೋದು. ಬರೆದವನೂ ಅಡ್ಮಿನ್, ಪರೀಕ್ಷೆ ಮಾಡಿದವನೂ ಅಡ್ಮಿನ್, ಕೊಂಡವನೂ ಅಡ್ಮಿನ್. ಯಾರಿಗೂ ತೊಂದರೆ ಕಾಣಲಿಲ್ಲ.

2007ರಲ್ಲಿ ವಿಸ್ತಾ ಬಂದು ಬೀಗದ ಕೈ ತೆಗೆದು ಒಳಗಿಟ್ಟಿತು. ಸಾಮಾನ್ಯ ಬಳಕೆದಾರರಿಗೆ ಪ್ರೋಗ್ರಾಂ ಫೈಲ್ಸ್ ಒಳಗೆ ಓದುವ, ಓಡಿಸುವ ಅನುಮತಿ ಅಷ್ಟೇ. ಹಳೇ ಸಾಫ್ಟ್‌ವೇರುಗಳು ಒಂದೇ ದಿನ ಕೆಟ್ಟು ಕೂರಬಾರದು ಅಂತ ಮೈಕ್ರೋಸಾಫ್ಟ್ ಒಂದು ತಂತ್ರ ಮಾಡಿತು. ಹಳೇ ಪ್ರೋಗ್ರಾಂ ಅಲ್ಲಿ ಬರೆಯಲು ಹೋದ್ರೆ, ‘ಆಯ್ತಪ್ಪ, ಬರೆದೆ’ ಅಂತ ಸುಳ್ಳು ಹೇಳಿ, ಬರೆದದ್ದನ್ನ ಆ ಬಳಕೆದಾರನದೇ ಫೋಲ್ಡರಿನೊಳಗೆ ‘ವರ್ಚುವಲ್ ಸ್ಟೋರ್’ ಅನ್ನೋ ಮೂಲೆಯಲ್ಲಿ ಇಟ್ಟುಬಿಡೋದು. ಉದ್ದೇಶ ಒಳ್ಳೇದೇ. ಪರಿಣಾಮ ಮಾತ್ರ ದೆವ್ವದ ಕಥೆ. ಒಂದೇ ಕಂಪ್ಯೂಟರಿನಲ್ಲಿ ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು ಬೇರೆ ಬೇರೆ ಲಾಗಿನ್ನಿನಲ್ಲಿ ಕೂತರೆ, ಬೆಳಗಿನವರು ಹಾಕಿದ ಬಿಲ್ಲು ಸಂಜೆಯವರಿಗೆ ಕಾಣೋದೇ ಇಲ್ಲ. ಇಬ್ಬರಿಗೂ ಅವರವರದೇ ಪ್ರತಿ. ಇಬ್ಬರೂ ಪ್ರಾಮಾಣಿಕರು, ಇಬ್ಬರ ಲೆಕ್ಕವೂ ಅವರವರ ಮಟ್ಟಿಗೆ ಸರಿ, ಮಾಲೀಕನ ಕಣ್ಣಿಗೆ ಮಾತ್ರ ಒಬ್ಬರು ಕಳ್ಳರು. ಇದಕ್ಕೆ ಊರಿನ ಹಾರ್ಡ್‌ವೇರ್ ಅಂಗಡಿಯವರು ಕಂಡುಕೊಂಡ ಔಷಧಿ ಎರಡು. ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಒಂದು, ಎವ್ರಿವನ್ ಫುಲ್ ಕಂಟ್ರೋಲ್ ಇನ್ನೊಂದು. ಎರಡೂ ಕೆಲಸ ಮಾಡಿದವು. ಕೆಲಸ ಮಾಡಿದ ಔಷಧಿಯನ್ನ ಯಾರು ಪ್ರಶ್ನೆ ಮಾಡ್ತಾರೆ?

ಪ್ರಶ್ನೆ ಮಾಡಬೇಕಾದ್ದು ಸಾಫ್ಟ್‌ವೇರ್ ಮಾಡಿದವರನ್ನ. ನನ್ನ ಮೊದಲ ತಕರಾರು ಇದೇ. ‘ನಮ್ಮ ಸಾಫ್ಟ್‌ವೇರ್ ಓಡಬೇಕಾದ್ರೆ ಅಡ್ಮಿನ್ ಅಧಿಕಾರ ಕೊಡಿ’ ಅಂತ ಇನ್‌ಸ್ಟಾಲೇಶನ್ ಕೈಪಿಡಿಯಲ್ಲಿ ಬರೆಯೋ ಕಂಪನಿ, ತಾನು ಮಾಡಬೇಕಿದ್ದ ಕೆಲಸವನ್ನ ಗಿರಾಕಿಯ ತಲೆಗೆ ಕಟ್ಟುತ್ತಿದೆ. ಯಾವ ಫೈಲು ಎಲ್ಲಿ ಬರೆಯುತ್ತೆ ಅಂತ ಅವರಿಗೆ ಗೊತ್ತಿರಬೇಕು, ಅವರೇ ಬರೆದ ಪ್ರೋಗ್ರಾಂ ಅದು. ಅಡುಗೆಯವನಿಗೆ ಅಡುಗೆಮನೆಯ ಕೈ ಸಾಕು. ಬೀರುವಿನ ಕೈ ಕೊಟ್ಟರೇ ಸಾರು ಮಾಡೋದು ಅಂದ್ರೆ ಅಂಥ ಅಡುಗೆಯವನನ್ನ ಯಾರಾದ್ರೂ ಇಟ್ಕೋತಾರಾ? ‘ಒಂದು ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ’ ಅನ್ನೋ ಸೂತ್ರ ಹೊಸದೂ ಅಲ್ಲ. ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲೇ ಅದನ್ನ ಸ್ಪಷ್ಟವಾಗಿ ಬರೆದಿಟ್ಟಿದ್ದಾರೆ. ಐವತ್ತು ವರ್ಷದ ಹಳೇ ಪಾಠವನ್ನ ಈಗಲೂ ‘ಅಡ್ವಾನ್ಸ್‌ಡ್ ಸೆಟ್ಟಿಂಗ್’ ಅಂತ ಕರೆಯೋದು ನಮ್ಮ ಉದ್ಯಮದ ಸೌಜನ್ಯ.

ಇಲ್ಲಿ ಟ್ಯಾಲಿಯ ಹೆಸರು ಹೇಳದಿದ್ರೆ ಆಗಲ್ಲ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತವರ ಮಗ ಭರತ್ ಗೋಯೆಂಕಾ ಶುರು ಮಾಡಿದ ಕಂಪನಿ, ಮೊದಲು ಪ್ಯೂಟ್ರಾನಿಕ್ಸ್, ಆಮೇಲೆ ಟ್ಯಾಲಿ. ಭಾರತದ ಅಂಗಡಿಕಾರನಿಗೆ ಅರ್ಥವಾಗುವ ಹಾಗೆ ಲೆಕ್ಕವನ್ನ ಪರದೆಯ ಮೇಲೆ ತಂದ ಕೆಲಸ ಸಣ್ಣದಲ್ಲ. 2020ರಲ್ಲಿ ಭರತ್ ಗೋಯೆಂಕಾ ಅವರಿಗೆ ಪದ್ಮಶ್ರೀ ಬಂದಾಗ ಎಷ್ಟೋ ಅಕೌಂಟೆಂಟುಗಳಿಗೆ ಮನೆಯವರಿಗೇ ಬಂದಷ್ಟು ಖುಷಿಯಾಗಿರಬೇಕು. ಇವತ್ತಿನ ಟ್ಯಾಲಿಪ್ರೈಮ್ ಹಳೇ ತಪ್ಪನ್ನ ಅರ್ಧ ತಿದ್ದಿಕೊಂಡಿದೆ ಅನ್ನೋದೂ ನಿಜ. ಪ್ರೋಗ್ರಾಂ ಒಂದು ಕಡೆ, ಡೇಟಾ ಇನ್ನೊಂದು ಕಡೆ. ತಾನಾಗಿ ಬಿಟ್ಟರೆ ಡೇಟಾ ಹೋಗಿ ಕೂರೋದು ‘ಯೂಸರ್ಸ್’ ಒಳಗಿನ ‘ಪಬ್ಲಿಕ್’ ಫೋಲ್ಡರಿನಲ್ಲಿ.

ಉಳಿದ ಅರ್ಧ ಆ ‘ಪಬ್ಲಿಕ್’ ಅನ್ನೋ ಹೆಸರಿನಲ್ಲೇ ಇದೆ. ಆ ಕಂಪ್ಯೂಟರಿನಲ್ಲಿ ಯಾರು ಲಾಗಿನ್ ಆದರೂ ಕೈ ಹಾಕಬಹುದಾದ ಜಾಗ ಅದು. ಟ್ಯಾಲಿಯ ಒಳಗೆ ಯೂಸರ್ ಮಾಡಬಹುದು, ಯಾರು ವೋಚರ್ ಹಾಕಬಹುದು, ಯಾರು ತಿದ್ದಬಹುದು ಅಂತ ಕಟ್ಟುಪಾಡು ಹಾಕಬಹುದು, ಟ್ಯಾಲಿವಾಲ್ಟ್ ಪಾಸ್‌ವರ್ಡ್ ಇಟ್ಟು ಡೇಟಾವನ್ನ ಗೂಢಲಿಪಿಗೆ ತಿರುಗಿಸಬಹುದು. ಎಲ್ಲ ಒಳ್ಳೇದೇ. ಆದ್ರೆ ಇವೆಲ್ಲ ಮುಂಬಾಗಿಲ ಕಾವಲು. ಹಿತ್ತಿಲಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆಗೆದು, ಆ ಅಂಕಿ ಹೆಸರಿನ ಫೋಲ್ಡರ್ ಮೇಲೆ ಡಿಲೀಟ್ ಒತ್ತಿದರೆ ವಾಲ್ಟು ಏನೂ ಮಾಡಲಾರದು. ಗೂಢಲಿಪಿ ಓದುವವನನ್ನ ತಡೆಯುತ್ತೆ, ಅಳಿಸುವವನನ್ನ ತಡೆಯಲ್ಲ. ಎರಡು-ಮೂರು ಕಂಪ್ಯೂಟರಿನಲ್ಲಿ ಒಟ್ಟಿಗೆ ಟ್ಯಾಲಿ ನಡೆಸೋ ಕಡೆ ಡೇಟಾ ಫೋಲ್ಡರನ್ನ ನೆಟ್‌ವರ್ಕಿನಲ್ಲಿ ಹಂಚಲೇಬೇಕು, ಬಳಸೋ ಪ್ರತಿಯೊಬ್ಬರಿಗೂ ಬರೆಯುವ ಅನುಮತಿ ಕೊಡಲೇಬೇಕು. ಡೇಟಾ ಇರೋ ಜಾಗವನ್ನ ಬಳಕೆದಾರರ ಕಣ್ಣಿಂದ ಮರೆ ಮಾಡಿ, ಎಲ್ಲ ಓದುಬರಹವನ್ನ ತಾನೇ ನಡೆಸಿಕೊಡೋ ಟ್ಯಾಲಿ ಸರ್ವರ್ ಇದೆ. ಅದನ್ನ ಬೇರೆ ದುಡ್ಡು ಕೊಟ್ಟು ಕೊಳ್ಳಬೇಕು. ದೊಡ್ಡ ಕಂಪನಿ ಕೊಳ್ಳುತ್ತೆ. ಕಮಲಾಪುರದ ಲಾಡ್ಜು ಕೊಳ್ಳಲ್ಲ. ಬೀಗ ಬೇಕಾದ್ರೆ ಬೇರೆ ರೇಟು ಅನ್ನೋ ಈ ಪದ್ಧತಿಯನ್ನ ಟ್ಯಾಲಿಯೊಂದೇ ಮಾಡಿದ್ದಲ್ಲ, ಇಡೀ ಉದ್ಯಮ ಮಾಡುತ್ತೆ. ಆದ್ರೆ ಹಳ್ಳಿಯಿಂದ ದಿಲ್ಲಿವರೆಗೆ ಹಬ್ಬಿರೋ ಸಾಫ್ಟ್‌ವೇರ್ ಮೇಲೆ ಹಬ್ಬಿದಷ್ಟೇ ಹೊಣೆಯೂ ಇರುತ್ತೆ.

‘ಲಾಡ್ಜಿನ ಲೆಕ್ಕ ಯಾರಿಗೆ ಬೇಕ್ರಿ?’ ಅಂತ ಕೇಳಬಹುದು. ಲೆಕ್ಕ ಬೇಡದಿರಬಹುದು. ಆದ್ರೆ ಅದೇ ಕಂಪ್ಯೂಟರಿನಲ್ಲಿ, ಬಹಳ ಸಲ ಪಕ್ಕದ ಫೋಲ್ಡರಿನಲ್ಲೇ, ಇನ್ನೊಂದಿದೆ. ವಿದೇಶಿಯರು ಬಂದಿಳಿದರೆ 24 ಗಂಟೆಯೊಳಗೆ ಅವರ ವಿವರ ಆನ್‌ಲೈನಿನಲ್ಲಿ ತುಂಬಬೇಕು ಅನ್ನೋದು ಕಾನೂನು. ಹಂಪಿಯ ಸುತ್ತ ಇದು ದಿನದ ಕೆಲಸ. ಪಾಸ್‌ಪೋರ್ಟು, ವೀಸಾದ ಸ್ಕ್ಯಾನುಗಳು, ನಮ್ಮವರ ಆಧಾರ್ ಕಾರ್ಡಿನ ಫೋಟೋಗಳು ವರ್ಷಗಟ್ಟಲೆ ಡೆಸ್ಕ್‌ಟಾಪಿನಲ್ಲಿ ಕೂತಿರುತ್ತವೆ. ಈಗ ಒಂದರ ಮೇಲೊಂದು ಜೋಡಿಸಿ ನೋಡಿ. ಪ್ರಿಂಟರ್ ಸಿಗ್ತಿಲ್ಲ ಅಂತ ಯಾರೋ ‘ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್’ ಆಫ್ ಮಾಡಿದ್ದಾರೆ. ಫೋಲ್ಡರಿಗೆ ಎವ್ರಿವನ್ ಇದೆ. ಆಫೀಸಿಗೂ ಗೆಸ್ಟುಗಳಿಗೂ ಒಂದೇ ವೈಫೈ. ಆಗ ‘ಎವ್ರಿವನ್’ ಅಂದ್ರೆ ನಮ್ಮ ಆಫೀಸಿನ ಮೂರು ಜನ ಅಲ್ಲ. ರೂಫ್‌ಟಾಪಿನಲ್ಲಿ ನಿಂಬೆ ಶರಬತ್ತು ಕುಡೀತಾ ಲ್ಯಾಪ್‌ಟಾಪ್ ತೆಗೆದ ಯಾರು ಬೇಕಾದ್ರೂ. ಹೆಸರಿನಲ್ಲೇ ಇದೆಯಲ್ಲ, ಎಲ್ಲರೂ!

ಇನ್ನೊಂದು ವಾದ ಸದಾ ಬರುತ್ತೆ: ‘ನಮ್ಮದು ಸಣ್ಣ ಆಫೀಸು, ಎಲ್ಲ ನಂಬಿಕಸ್ಥರು.’ ಇದಕ್ಕೆ ನನ್ನ ಉತ್ತರ ಎರಡು.

ಒಂದು, ರ್‍ಯಾನ್ಸಮ್‌ವೇರ್ ಯಾರ ನಂಬಿಕೆಯನ್ನೂ ಕೇಳಲ್ಲ. 2017ರ ಮೇನಲ್ಲಿ ವಾನಾಕ್ರೈ ಬಂದಾಗ ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳೇ ನಿಂತವು. ಈ ಜಾತಿಯ ಪ್ರೋಗ್ರಾಂಗಳು ಸಾಮಾನ್ಯವಾಗಿ ಯಾರ ಲಾಗಿನ್ನಿನಲ್ಲಿ ಒಳಬಂದವೋ ಅವರ ಅನುಮತಿಯಲ್ಲೇ ಓಡಾಡುತ್ತವೆ. ಗುಮಾಸ್ತ ಕೊರಿಯರ್ ಬಿಲ್ಲು ಅಂತ ಒಂದು ಅಟ್ಯಾಚ್‌ಮೆಂಟ್ ತೆಗೆದ ಅಂದ್ಕೊಳ್ಳಿ. ಅವನಿಗೆ ತನ್ನ ಒಂದು ಫೋಲ್ಡರಿಗಷ್ಟೇ ಬರೆಯುವ ಅನುಮತಿ ಇದ್ದರೆ ಹೆಚ್ಚಿನಂಶ ಹಾಳಾಗೋದು ಅದೊಂದೇ. ಎಲ್ಲದಕ್ಕೂ ಇದ್ದರೆ ಎಲ್ಲ. ಬ್ಯಾಕಪ್ ಹಾರ್ಡ್‌ಡಿಸ್ಕೂ ಅದೇ ಕಂಪ್ಯೂಟರಿಗೆ ಸದಾ ಚುಚ್ಚಿಟ್ಟಿದ್ದರೆ ಅದೂ.

ಎರಡನೆಯದು ನನಗೆ ಹೆಚ್ಚು ಮುಖ್ಯ. ಅನುಮತಿಯ ಕಟ್ಟುಪಾಡು ನೌಕರರ ಮೇಲಿನ ಅನುಮಾನ ಅಂತ ನಾವು ತಿಳ್ಕೊಂಡಿದ್ದೀವಿ. ನಿಜಕ್ಕೂ ಅದು ನೌಕರರಿಗೆ ಸಿಗಬಹುದಾದ ರಕ್ಷಣೆ. ನಾಲ್ಕು ಜನ ಒಂದೇ ‘ಅಡ್ಮಿನ್’ ಲಾಗಿನ್ನಿನಲ್ಲಿ ಕೂರೋ ಆಫೀಸಿನಲ್ಲಿ ಒಂದು ದಿನ ಡೇಟಾ ಮಾಯವಾದರೆ ಕಂಪ್ಯೂಟರ್ ಏನು ಹೇಳುತ್ತೆ? ‘ಅಡ್ಮಿನ್ ಅಳಿಸಿದ’ ಅನ್ನುತ್ತೆ. ಅಷ್ಟೂ ಹೇಳಲ್ಲ. ಫೈಲುಗಳನ್ನ ಯಾರು ಮುಟ್ಟಿದರು ಅನ್ನೋ ದಾಖಲೆಯನ್ನ ವಿಂಡೋಸ್ ತಾನಾಗಿ ಇಡೋದಿಲ್ಲ, ನಾವೇ ಆನ್ ಮಾಡಬೇಕು. 2019ರ ಫೆಬ್ರುವರಿಯಲ್ಲಿ ಹಂಪಿಯ ಕಂಬವೊಂದನ್ನ ತಳ್ಳಿ ಬೀಳಿಸಿದ ಹುಡುಗರು ನೆನಪಿರಬಹುದು. ಅವರು ಸಿಕ್ಕಿಬಿದ್ದದ್ದು ವಿಡಿಯೋ ಹರಿದಾಡಿದ್ದರಿಂದ. ದಂಡ ಕಟ್ಟಿದರು, ಕಂಬವನ್ನ ಅವರ ಕೈಯಲ್ಲೇ ಮತ್ತೆ ನಿಲ್ಲಿಸಿದರು. ವಿಡಿಯೋ ಇಲ್ಲದಿದ್ರೆ? ಅವತ್ತು ಡ್ಯೂಟಿಯಲ್ಲಿದ್ದ ಕಾವಲುಗಾರ ಉತ್ತರ ಹೇಳಬೇಕಾಗ್ತಿತ್ತು. ಆಫೀಸುಗಳಲ್ಲೂ ಹಾಗೇ. ಯಾರು ಅಂತ ಗೊತ್ತಾಗದಿದ್ದಾಗ ಬೆರಳು ಹೋಗೋದು ಕೊನೆಗೆ ಸೇರಿದವರ ಕಡೆ, ಕಡಿಮೆ ಸಂಬಳದವರ ಕಡೆ. ಬಿಕಾಂ ಮುಗಿಸಿ ಮೊದಲ ಕೆಲಸಕ್ಕೆ ಬಂದ ಹುಡುಗಿ ‘ನಾನಲ್ಲ ಸರ್’ ಅಂತ ಎಷ್ಟು ಸಲ ಹೇಳಿದರೂ ಅದನ್ನ ಸಾಬೀತು ಮಾಡೋ ದಾರಿಯನ್ನೇ ಆ ಎಂಟು ಸಾಲು ಮುಚ್ಚಿಬಿಟ್ಟಿರುತ್ತೆ. ಅವಳ ಹೆಸರಿನ ಲಾಗಿನ್, ಅವಳ ಕೆಲಸಕ್ಕೆ ತಕ್ಕ ಅನುಮತಿ ಇದ್ದಿದ್ರೆ, ‘ಆ ಫೋಲ್ಡರನ್ನ ಅಳಿಸೋ ಅಧಿಕಾರವೇ ನನಗಿಲ್ಲ’ ಅಂತ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದಿತ್ತು.

ಇದು ನಮ್ಮಿಂದಾಗದ ಕೆಲಸವೇನಲ್ಲ. ಕರ್ನಾಟಕವೇ ಇದನ್ನ ದೊಡ್ಡದಾಗಿ ಮಾಡಿ ತೋರಿಸಿದೆ. ‘ಭೂಮಿ’ ಯೋಜನೆ ಬಂದು ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗ, ರಾಜೀವ್ ಚಾವ್ಲಾ ಅವರ ತಂಡದ ಮುಂದಿದ್ದ ಪ್ರಶ್ನೆಯೂ ಇದೇ: ಯಾರಿಗೆ ಏನು ಮಾಡಲು ಬಿಡಬೇಕು? ಪಹಣಿ ತಗೊಳ್ಳೋದು ಯಾರು ಬೇಕಾದ್ರೂ ಮಾಡಬಹುದು. ತಿದ್ದೋದು ಹಾಗಲ್ಲ. ತಿದ್ದುವವರು ಪಾಸ್‌ವರ್ಡ್ ಒಂದನ್ನೇ ನಂಬದೆ ಬೆರಳಚ್ಚು ಕೊಟ್ಟು ಒಳಹೋಗಬೇಕು. ಮ್ಯುಟೇಶನ್ ಅರ್ಜಿಗಳು ಬಂದ ಸರದಿಯಲ್ಲೇ ಹೋಗಬೇಕು. ‘ನನ್ನ ಪಾಸ್‌ವರ್ಡ್ ಯಾರೋ ಬಳಸಿದರು’ ಅನ್ನೋ ನೆಪಕ್ಕೆ ಅಲ್ಲಿ ಜಾಗ ಕಡಿಮೆ. ಭೂಮಿಯಿಂದ ಕಂದಾಯ ಇಲಾಖೆಯ ಎಲ್ಲ ರೋಗ ವಾಸಿಯಾಯಿತು ಅಂತ ನಾನು ಹೇಳ್ತಿಲ್ಲ, ಕಚೇರಿಗೆ ಅಲೆದವರು ನೀವು ನಗ್ತೀರಿ. ಆದ್ರೆ ಓದುವವರು ಬೇರೆ, ಬರೆಯುವವರು ಬೇರೆ ಅನ್ನೋ ಗೆರೆ ಎಳೆಯೋದಕ್ಕೆ ದೊಡ್ಡ ವಿಜ್ಞಾನ ಬೇಡ, ಯೋಚನೆ ಬೇಕು ಅಂತ ಅದು ತೋರಿಸಿತು.

ಈಗ ನಮ್ಮ ಕಡೆಗೂ ಒಂದು ತಕರಾರು. ನಮ್ಮ ಅಂದ್ರೆ ಬೆಂಗಳೂರಿನ ಐಟಿಯವರ ಕಡೆಗೆ. ನಾವು ‘ಸೆಕ್ಯೂರ್’ ಮಾಡೋದು ಅಂದ್ರೆ ಎಲ್ಲ ಮುಚ್ಚೋದು ಅಂತ ಕಲಿತಿದ್ದೀವಿ. ಪೆನ್‌ಡ್ರೈವ್ ಬಂದ್, ಸೈಟು ಬಂದ್, ಒಂದು ಫಾಂಟ್ ಹಾಕಬೇಕಾದ್ರೂ ಟಿಕೆಟ್, ಟಿಕೆಟ್ಟಿಗೆ ಮೂರು ದಿನ. ಆ ಮೂರು ದಿನ ಕೆಲಸ ನಿಲ್ಲಲ್ಲ. ಫೈಲು ವಾಟ್ಸಾಪಿನಲ್ಲಿ ಹೋಗುತ್ತೆ, ಬ್ಯಾಲೆನ್ಸ್ ಶೀಟು ಯಾರದೋ ಸ್ವಂತ ಜಿಮೇಲಿಗೆ ಹೋಗುತ್ತೆ. ತೀರಾ ಬಿಗಿಯಾದ ಕಂಪ್ಯೂಟರ್ ಕೊನೆಗೆ ಎವ್ರಿವನ್ ಫುಲ್ ಕಂಟ್ರೋಲಿಗೇ ಬಂದು ನಿಲ್ಲುತ್ತೆ, ಸ್ವಲ್ಪ ಸುತ್ತು ಹೊಡೆದು. ಯಾಕಂದ್ರೆ ಒಂದು ದಿನ ಎಂಡಿ ಫೋನ್ ಮಾಡಿ ‘ಏನಾದ್ರೂ ಮಾಡ್ರಿ, ಇವತ್ತು ಜಿಎಸ್‌ಟಿ ಲಾಸ್ಟ್ ಡೇಟು’ ಅಂತಾರೆ. ಆವಾಗ ಯಾರಿಗೂ ಮಾಡಿಫೈ, ಫುಲ್ ಅಂತ ವ್ಯತ್ಯಾಸ ನೋಡೋ ಪುರಸೊತ್ತಿರಲ್ಲ.

ಸರಿಯಾಗಿ ಮಾಡೋದು ಎಷ್ಟು ಕಷ್ಟ? ಅರ್ಧ ಗಂಟೆಯ ಕೆಲಸ ಅಂತ ಇಟ್ಕೊಳ್ಳಿ. ಪ್ರೋಗ್ರಾಂ ಇರೋ ಫೋಲ್ಡರನ್ನ ಮುಟ್ಟಬೇಡಿ, ಅದು ಓದು-ಓಡು ಮಟ್ಟದಲ್ಲೇ ಇರಲಿ. ಡೇಟಾಕ್ಕೆ ಬೇರೆ ಫೋಲ್ಡರ್ ಮಾಡಿ. ‘ಪ್ರೋಗ್ರಾಂ ಡೇಟಾ’ ಅನ್ನೋ ವಿಂಡೋಸಿನದೇ ಜಾಗ ಇದೆ, ಆದ್ರೆ ಅಲ್ಲೊಂದು ಗುಟ್ಟು: ಅಲ್ಲಿ ಯಾರು ಬೇಕಾದ್ರೂ ಹೊಸ ಫೈಲು ಮಾಡಬಹುದು, ಒಬ್ಬರು ಮಾಡಿದ್ದನ್ನ ಇನ್ನೊಬ್ಬರು ತಿದ್ದಲಾಗದು. ಹಾಗಾಗಿ ಮೊದಲು ಓಪನ್ ಮಾಡಿದವರಿಗೆ ಸರಿಯಾಗಿ ನಡೆದು, ಎರಡನೆಯವರಿಗೆ ‘ಆ್ಯಕ್ಸೆಸ್ ಡಿನೈಡ್’ ಬರುತ್ತೆ. ಡಿ ಡ್ರೈವಿನಲ್ಲಿ ಮಾಡಿದರೆ ತಿರುಗುಮುರುಗು ಗುಟ್ಟು: ಸಾಮಾನ್ಯವಾಗಿ ಅಲ್ಲಿ ಲಾಗಿನ್ ಆದ ಎಲ್ಲರಿಗೂ ಮಾಡಿಫೈ ಮೇಲಿನಿಂದಲೇ ಇಳಿದು ಬಂದಿರುತ್ತೆ, ಆ ಬಳುವಳಿಯನ್ನ ಮೊದಲು ಕತ್ತರಿಸಬೇಕು. ಆಮೇಲೆ ‘ಲೆಕ್ಕ’ ಅಂತ ಒಂದು ಗುಂಪು ಮಾಡಿ, ಜನರನ್ನ ಅದಕ್ಕೆ ಸೇರಿಸಿ, ಗುಂಪಿಗೆ ಮಾಡಿಫೈ ಕೊಡಿ. ಜನ ಬದಲಾದರೆ ಗುಂಪಿಂದ ಒಂದು ಹೆಸರು ತೆಗೀರಿ, ಸಾಕು. ನೆಟ್‌ವರ್ಕಿನಲ್ಲಿ ಹಂಚುವಾಗ ಹಂಚಿಕೆಯ ಅನುಮತಿ ಬೇರೆ, ಫೋಲ್ಡರಿನ ಅನುಮತಿ ಬೇರೆ, ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತೆ ಅನ್ನೋದು ನೆನಪಿರಲಿ.

ಇಷ್ಟಾದ ಮೇಲೂ ಸಾಫ್ಟ್‌ವೇರ್ ಹಟ ಹಿಡಿದರೆ ಊಹೆ ಮಾಡಬೇಡಿ. ಮೈಕ್ರೋಸಾಫ್ಟಿನ ‘ಪ್ರೋಸೆಸ್ ಮಾನಿಟರ್’ ಪುಕ್ಕಟೆ ಸಿಗುತ್ತೆ. ಅದನ್ನ ಓಡಿಸಿ, ಸಾಫ್ಟ್‌ವೇರ್ ತೆಗೆದು, ‘ಆ್ಯಕ್ಸೆಸ್ ಡಿನೈಡ್’ ಅಂತ ಬಂದ ಸಾಲುಗಳನ್ನಷ್ಟೇ ನೋಡಿ. ಯಾವ ಫೈಲಿನ ಮುಂದೆ ಎಡವಿತು ಅಂತ ಹೆಸರು ಸಮೇತ ಹೇಳುತ್ತೆ. ಆ ಒಂದು ಫೈಲಿಗೆ ಬಾಗಿಲು ತೆಗೀರಿ. ಒಂದು ಕಿಟಕಿ ಬಿಗಿಯಾಗಿದೆ ಅಂತ ಗೋಡೆ ಕೆಡವೋ ಮೇಸ್ತ್ರಿಯನ್ನ ನಾವು ಎರಡನೇ ಸಲ ಕರೆಯಲ್ಲ.

ಕಾನೂನೂ ಈ ಕಡೆಗೇ ನಡೀತಿದೆ. 2023ರ ಏಪ್ರಿಲ್ 1ರಿಂದ ನೋಂದಾಯಿತ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಲೇಬೇಕು, ಅದನ್ನ ಆಫ್ ಮಾಡೋ ಹಾಗಿರಬಾರದು. ಒಳ್ಳೇ ನಿಯಮ. ಆದ್ರೆ ಜಾಡು ಇರೋ ಫೋಲ್ಡರನ್ನೇ ಹೋದ ವಾರದ ಪ್ರತಿಯಿಂದ ಯಾರು ಬೇಕಾದ್ರೂ ಬದಲಾಯಿಸಬಹುದು ಅಂತಿದ್ರೆ ಅದು ಯಾವ ಜಾಡು? ಆಡಿಟರುಗಳು ಸಾಫ್ಟ್‌ವೇರಿನೊಳಗೆ ಟಿಕ್ ಇದೆಯಾ ಅಂತ ನೋಡಿ ಸಹಿ ಹಾಕ್ತಾರೆ. ಒಂದು ಸಲ ಫೋಲ್ಡರಿನ ಮೇಲೂ ರೈಟ್ ಕ್ಲಿಕ್ ಮಾಡಲಿ.

ಇದನ್ನ ಓದ್ತಿರೋ ನಿಮ್ಮಲ್ಲಿ ಬಹಳ ಜನ ಹಬ್ಬಕ್ಕೆ ಹಂಪಿ ಎಕ್ಸ್‌ಪ್ರೆಸ್ಸೋ, ರಾತ್ರಿ ಬಸ್ಸೋ ಹತ್ತಿ ಊರಿಗೆ ಹೋಗೋರು. ಊರಲ್ಲಿ ಮಾವನದೋ ಚಿಕ್ಕಪ್ಪನದೋ ಅಂಗಡಿ ಇರುತ್ತೆ. ‘ಕಂಪ್ಯೂಟರ್ ಸ್ವಲ್ಪ ಸ್ಲೋ ಆಗೇತಿ, ನೋಡಪ್ಪ’ ಅಂತ ಅವರು ಕರೆದೇ ಕರೀತಾರೆ. ಈ ಸಲ ಟೆಂಪ್ ಫೈಲು ಅಳಿಸಿ ಕಾಫಿ ಕುಡಿದು ಎದ್ದು ಬರಬೇಡಿ. ಮೂರು ಪ್ರಶ್ನೆ ಕೇಳಿ. ಲೆಕ್ಕದ ಫೋಲ್ಡರ್ ಎಲ್ಲಿದೆ? ಅದನ್ನ ಯಾರ್‍ಯಾರು ಅಳಿಸಬಹುದು? ಬ್ಯಾಕಪ್ಪನ್ನೂ ಅವರೇ ಅಳಿಸಬಹುದಾ? ಮಾವನಿಗೆ ಉತ್ತರ ಗೊತ್ತಿರಲ್ಲ, ಬೇಜಾರಿಲ್ಲ. ಅಲ್ಲಿ ಕೆಲಸ ಮಾಡೋ ಹುಡುಗ ಹುಡುಗಿಯರನ್ನ ಪಕ್ಕ ಕೂರಿಸ್ಕೊಂಡು ಒಬ್ಬೊಬ್ಬರಿಗೂ ಅವರದೇ ಹೆಸರಿನ ಲಾಗಿನ್ ಮಾಡಿಕೊಡಿ. ಯಾಕೆ ಅಂತ ಅವರಿಗೂ ಹೇಳಿ. ಮಾನಿಟರಿನ ಆ ಚೀಟಿ ಕಿತ್ತು ಬಿಸಾಕಿ. ಗಣೇಶ ಇರಲಿ.